ಅರ್ಧ ಗಂಟೆ ಬಿಸಿ, ಅರ್ಧ ಗಂಟೆ ಉಸಿರು

ಮನೆಗಳ ಶಾಖ ಮತ್ತು ವಿದ್ಯುತ್ತಿನ ಹೊಣೆ ಹೊತ್ತ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಕಚೇರಿಯ ಒಂದು ಕಡತದ ಪ್ರಕಾರ ಬೋಜ್-ಕಿಯಾ ಊರಿನ ತೆಸ್ಕೆಯ್ ಬೀದಿಯ ಹದಿನಾಲ್ಕನೇ ನಂಬರಿನ ಮನೆಯಲ್ಲಿ ಒಲೆಯೇ ಇಲ್ಲ. ಅದೇ ಕಚೇರಿಯ ಇನ್ನೊಂದು ಕಡತದ ಪ್ರಕಾರ ಆ ಮನೆಯಿಂದ ಹೊಗೆ ಏಳುತ್ತಿದೆ. ಒಲೆ ಇಲ್ಲದ ಕಾರಣ ನಮಗೆ ಕಲ್ಲಿದ್ದಲು ಕೊಡುವಂತಿಲ್ಲ ಎಂದಿದ್ದೀರಿ. ಹೊಗೆ ಇರುವ ಕಾರಣ ನಮ್ಮ ಕರೆಂಟನ್ನು ಅರ್ಧಕ್ಕಿಳಿಸಿದ್ದೀರಿ. ಎರಡೂ ಕಡತಗಳಿಗೆ ತಮ್ಮದೇ ಮೊಹರು, ತಮ್ಮದೇ ಸಹಿ. ಆ ಎರಡು ಮೊಹರುಗಳ ನಡುವೆ ಸಿಕ್ಕಿಕೊಂಡಿರುವ ಮನೆ ನಮ್ಮದು. ಇವತ್ತು ಬೆಳಿಗ್ಗೆ ಹೊರಗಿನ ಚಳಿ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗಿತ್ತು.

ಈ ವಿಷಯವಾಗಿ ತಮಗೆ ಈಗಾಗಲೇ ಮೂರು ಅರ್ಜಿ ಬರೆದಿದ್ದೇನೆ. ಮೊದಲನೆಯದಕ್ಕೆ ಒಂದು ಸ್ವೀಕೃತಿ ಸಂಖ್ಯೆ ಬಂತು. ಎರಡನೆಯದಕ್ಕೆ, ಮೊದಲನೆಯ ಅರ್ಜಿಯ ಸಂಖ್ಯೆಯನ್ನು ನಮೂದಿಸಿಲ್ಲ ಎಂಬ ಆಕ್ಷೇಪಣೆ ಬಂತು. ಮೂರನೆಯದಕ್ಕೆ ಹೊಸ ವರ್ಷದ ಶುಭಾಶಯ ಬಂತು. ಶುಭಾಶಯಕ್ಕೆ ಕೃತಜ್ಞಳು. ಆದರೆ ತಮ್ಮ ಕಚೇರಿ ನನ್ನನ್ನು ಇಷ್ಟೊಂದು ಆತ್ಮೀಯವಾಗಿ ಕಾಣುತ್ತಿರುವುದು ಊರವರಿಗೂ ಗೊತ್ತಾಗಲಿ ಎಂದು ನಾಲ್ಕನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಇಲ್ಲಿನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಕಲಿಸುತ್ತಿರುವವಳು. ನಮ್ಮ ಮನೆಯಲ್ಲಿ ಮೂವರು: ಲಾರಿ ಓಡಿಸಿಕೊಂಡು ವಾರದಲ್ಲಿ ಐದು ದಿನ ಘಟ್ಟದ ಮೇಲಿರುವ ನನ್ನ ಗಂಡ ತಲಾಯ್, ನಾನು, ಮತ್ತು ನನ್ನ ಅತ್ತೆ. ಅತ್ತೆ ಮಾವಂದಿರ ಹೆಸರು ಸೊಸೆಯ ಬಾಯಲ್ಲಿ ಬರಬಾರದು, ಪತ್ರದಲ್ಲೂ ಬರೆಯಲಾರೆ. ತಮ್ಮ ಕಡತದಲ್ಲಿದೆ, ನೋಡಿಕೊಳ್ಳಿ. ನಾವು ಅವರನ್ನು ಅಪಾ ಎನ್ನುತ್ತೇವೆ. ಅಪಾಗೆ ಎಪ್ಪತ್ತನಾಲ್ಕು. ಶ್ವಾಸಕೋಶ ಎರಡೂ ಕೆಟ್ಟಿವೆ. ದಿನಕ್ಕೆ ಹದಿನಾರು ಗಂಟೆ ಆಮ್ಲಜನಕದ ಯಂತ್ರದ ಕೊಳವೆ ಮೂಗಿನಲ್ಲಿರಬೇಕು ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಆ ಯಂತ್ರ ಕರೆಂಟಿನಿಂದ ನಡೆಯುತ್ತದೆ. ಮನೆಯನ್ನು ಬೆಚ್ಚಗಿಡುವ ಹೀಟ್ ಪಂಪೂ ಕರೆಂಟಿನಿಂದಲೇ ನಡೆಯುತ್ತದೆ. ತಾವು ಈಗ ನಮಗೆ ಬಿಟ್ಟಿರುವ ಮೂರು ಕಿಲೋವ್ಯಾಟ್ ಲೈನಿನಲ್ಲಿ ಈ ಎರಡನ್ನೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ. ಅಂದರೆ ನಮ್ಮ ಮನೆಯಲ್ಲಿ ಬಿಸಿ ಇದ್ದಾಗ ಉಸಿರಿಲ್ಲ, ಉಸಿರಿದ್ದಾಗ ಬಿಸಿ ಇಲ್ಲ. ನನ್ನ ದೂರು ಇಷ್ಟೇ. ಉಳಿದದ್ದು ಈ ಸ್ಥಿತಿಗೆ ನಾವು ಎಷ್ಟು ವಿಧೇಯತೆಯಿಂದ ನಡೆದುಕೊಂಡು ಬಂದೆವು ಎಂಬ ವಿವರ.

ನಮ್ಮ ಮಾವ ಮೂವತ್ತೊಂದು ವರ್ಷ ಕಲ್ಲಿದ್ದಲ ಗಣಿಯಲ್ಲಿದ್ದವರು. ವರ್ಷಕ್ಕೆ ನಾಲ್ಕು ಟನ್ ಪುಕ್ಕಟೆ ಬರುತ್ತಿತ್ತು. ಅವರು ತೀರಿಕೊಂಡ ಮೇಲೂ ಗಣಿಯವರ ಮನೆಗೆಂದು ರಿಯಾಯಿತಿ ದರದಲ್ಲಿ ಬರುತ್ತಿತ್ತು. ನಡುಕೋಣೆಯಲ್ಲಿ ಅವರೇ ಒಂದು ವಾರ ಕೂತು ಕಟ್ಟಿದ ಇಟ್ಟಿಗೆ ಒಲೆ. ಬೆಳಿಗ್ಗೆ ಎದ್ದರೆ ಬೂದಿ ಎತ್ತುವುದು, ಸಂಜೆ ಬಕೆಟ್ಟಿನಲ್ಲಿ ಕಲ್ಲಿದ್ದಲು ಹೊರುವುದು, ಪ್ರತಿ ವಸಂತಕ್ಕೆ ಕಪ್ಪಿಟ್ಟ ಗೋಡೆಗೆ ಸುಣ್ಣ ಹೊಡೆಯುವುದು. ಕಲ್ಲಿದ್ದಲು ಎಲ್ಲಕ್ಕಿಂತ ಅಗ್ಗ ಎಂದು ಬೀದಿಯವರು ಹೇಳಿದಾಗಲೆಲ್ಲ ಅಪಾ ನಕ್ಕುಬಿಡುತ್ತಿದ್ದರು.

"ಅಗ್ಗ ಅಲ್ವೇ ಮತ್ತೆ! ಅವರು ಹಗಲೆಲ್ಲ ಗಣೀಲಿ ಧೂಳು ಕುಡಿದ್ರು, ನಾನು ಮನೇಲಿ ಕೂತು ಹೊಗೆ ಕುಡಿದೆ. ಇಬ್ಬರಿಗೂ ಪುಕ್ಕಟೆ. ಅವರ ಪಾಲು ಬೇಗ ಮುಗೀತು, ನಂದು ಇನ್ನೂ ಇದೆ."

ಹೀಗಿರುವಾಗ ಹೋದ ಆಗಸ್ಟಿನಲ್ಲಿ ತಮ್ಮ ಸಿಬ್ಬಂದಿ ಕರಪತ್ರ ಹಿಡಿದು ಬಾಗಿಲಿಗೆ ಬಂದರು. ಯೋಜನೆಯ ಹೆಸರು 'ಶುಭ್ರ ಮನೆ'. ಕಲ್ಲಿದ್ದಲ ಒಲೆಯನ್ನು ಒಡೆದುಹಾಕಿದರೆ ಹೀಟ್ ಪಂಪಿನ ಅರ್ಧ ಬೆಲೆ ಸರ್ಕಾರದ್ದು, ಲೈನು ಆರು ಕಿಲೋವ್ಯಾಟಿನದು, ಕರೆಂಟಿನ ದರವೂ ಕಡಿಮೆ. ಕರಪತ್ರದ ಮೇಲೊಂದು ಚಿತ್ರ. ಅದರಲ್ಲಿ ಅಪ್ಪ ಅಮ್ಮ ಮಗಳು ತೆಳು ಅಂಗಿಯಲ್ಲಿ ಚಹಾ ಕುಡಿಯುತ್ತ, ಗೋಡೆಯ ಮೇಲಿನ ಬಿಳಿ ಪೆಟ್ಟಿಗೆಯನ್ನು ನೋಡಿ ನಗುತ್ತಿದ್ದರು. ಅಪಾ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಪಾಪ, ಗೋಡೆಗೆ ತೂಗುಹಾಕೋಕೆ ಒಂದು ಕಂಬಳಿನೂ ಇಲ್ಲ ಇವರ ಮನೇಲಿ. ತೀರಾ ಬಡವರು ಅನ್ಸುತ್ತೆ. ಆದ್ರೂ ನಗ್ತಾರೆ ನೋಡು."

ನಾನು ಮಾತ್ರ ಚಿತ್ರ ನೋಡಲಿಲ್ಲ, ಅಪಾ ಕೆಮ್ಮುವುದನ್ನು ನೋಡಿದೆ. ಅರ್ಜಿ ತುಂಬಿದೆ. ಅರ್ಜಿಯಲ್ಲಿ ಇಪ್ಪತ್ತಮೂರು ಪ್ರಶ್ನೆಗಳಿದ್ದವು. ಹದಿನೇಳನೆಯದು ಹೀಗಿತ್ತು: 'ಮನೆಯನ್ನು ಬಿಸಿ ಮಾಡಲು ಅಥವಾ ಮನೆಮಂದಿಯ ಊಟ ತಯಾರಿಸಲು ಬೆಂಕಿ ಉರಿಸುವುದುಂಟೇ?' ಒಲೆ ಒಡೆದ ಮೇಲೆ ಎಲ್ಲಿಯ ಬೆಂಕಿ? ಅಡುಗೆ ಕರೆಂಟಿನ ಒಲೆಯ ಮೇಲೆ. 'ಇಲ್ಲ' ಎಂದು ಬರೆದು ಸಹಿ ಮಾಡಿದೆ. ಈ ಎರಡಕ್ಷರವನ್ನು ತಾವು ಆಮೇಲೆ 'ಸುಳ್ಳು ಮಾಹಿತಿ' ಎಂದು ಕರೆದಿರಿ. ಅದಕ್ಕೆ ಮುಂದೆ ಬರುತ್ತೇನೆ.

ಒಲೆ ಒಡೆದದ್ದು ಸೆಪ್ಟೆಂಬರಿನಲ್ಲಿ. ತಲಾಯ್ ಸುತ್ತಿಗೆ ಎತ್ತಿದಾಗ ಅಪಾ ಅವನ ತೋಳು ಹಿಡಿದರು. "ನಿಧಾನಕ್ಕೋ. ಒಂದೊಂದೇ ಇಟ್ಟಿಗೆ ಬಿಡಿಸು. ನಿಮ್ಮಪ್ಪ ಕಟ್ಟಿದ್ದು, ಕದ್ದು ತಂದಿದ್ದಲ್ಲ." ಇಟ್ಟಿಗೆಗಳನ್ನು ಬಿಡಿಸಿ ಕೊಟ್ಟಿಗೆಯ ಹಿಂದೆ ಜೋಡಿಸಿ ತಾಡಪತ್ರಿ ಮುಚ್ಚಿಟ್ಟೆವು. ಒಡೆದ ಒಲೆಯ ಮುಂದೆ ಮನೆಯವರೆಲ್ಲ ನಿಂತ ಫೋಟೋ ಬೇಕು ಎಂಬುದು ತಮ್ಮ ನಿಯಮ. ನಿಂತೆವು. ಫೋಟೋ ತೆಗೆಯುವವನು ಸ್ವಲ್ಪ ನಗಿ ಎಂದ. ಅಪಾ ಅವನನ್ನು ಮೇಲಿಂದ ಕೆಳಗೆ ನೋಡಿ, "ಹೆಣದ ಮುಂದೆ ಯಾರಪ್ಪಾ ನಗ್ತಾರೆ?" ಎಂದರು. ಆ ಫೋಟೋ ತಮ್ಮ ಮೊದಲನೆಯ ಕಡತದಲ್ಲಿದೆ. ಒಲೆ ಇಲ್ಲ ಎಂಬುದಕ್ಕೆ ಅದೇ ಪುರಾವೆ.

ಸತ್ಯ ಹೇಳಬೇಕು: ಆಮೇಲಿನ ಎರಡೂವರೆ ತಿಂಗಳು ನಾವು ಸುಖವಾಗಿದ್ದೆವು. ಹೀಟ್ ಪಂಪಿನ ಬಿಳಿ ಪೆಟ್ಟಿಗೆ ಮೂಲೆಯಲ್ಲಿ ಗುಂಯ್ ಎನ್ನುತ್ತಿತ್ತು, ಯಂತ್ರ ಇನ್ನೊಂದು ಮೂಲೆಯಲ್ಲಿ ಬುಸ್ ಎನ್ನುತ್ತಿತ್ತು. ಅಪಾ ಎರಡರ ಮಧ್ಯೆ ಕೂತು ಕೌದಿ ಹೊಲಿದರು. ಅಕ್ಟೋಬರಿನಲ್ಲಿ ಒಂದು ಸಲವೂ ಆಸ್ಪತ್ರೆಗೆ ಹೋಗಲಿಲ್ಲ. ಹಿಂದಿನ ವರ್ಷ ಅದೇ ತಿಂಗಳು ಹನ್ನೊಂದು ದಿನ ಅಲ್ಲೇ ಮಲಗಿದ್ದರು. ಬಿಳಿ ಪರದೆ ಬಿಳಿಯಾಗಿಯೇ ಇರುವುದನ್ನು ಮುಟ್ಟಿ ಮುಟ್ಟಿ ನೋಡಿ, "ಈ ಸಲ ನೌರುಜ್ ಹಬ್ಬಕ್ಕೆ ಸುಣ್ಣ ಬೇಡ ಬಿಡೇ" ಎಂದು ಸಂತೋಷಪಟ್ಟರು. ಹಾಗಾಗಿ ನಾನು ತಮ್ಮ ಪೆಟ್ಟಿಗೆಯ ವಿರೋಧಿ ಎಂದು ತಿಳಿಯಬೇಡಿ. ನಾನು ಅದರ ಕಟ್ಟಾ ಅಭಿಮಾನಿ. ಅದನ್ನು ಓಡಿಸಲು ಬಿಡಿ ಎಂದು ತಮ್ಮನ್ನು ಕೇಳಿಕೊಳ್ಳಬೇಕಾಗಿ ಬಂದಿರುವುದು ಈ ಚಳಿಗಾಲದ ವಿಚಿತ್ರ.

ಅಭಿಮಾನಿಯಾದರೂ ಲೆಕ್ಕ ಕಲಿಸುವವಳು ತಾನೇ. ನವೆಂಬರಿನಲ್ಲಿ ತಮ್ಮ ಕರಪತ್ರದ ಉಳಿತಾಯದ ಕೋಷ್ಟಕವನ್ನು ಏಳನೇ ತರಗತಿಗೆ ಮನೆಗೆಲಸವಾಗಿ ಕೊಟ್ಟೆ. ಚಳಿಗಾಲವೊಂದಕ್ಕೆ ಪೇಟೆಯ ಕಲ್ಲಿದ್ದಲು ಇಪ್ಪತ್ತಾರು ಸಾವಿರ ಸೋಮ್, ಪೆಟ್ಟಿಗೆಯ ಕರೆಂಟು ಹನ್ನೊಂದು ಸಾವಿರ, ಉಳಿತಾಯ ಹದಿನೈದು ಸಾವಿರ ಎಂದಿತ್ತು. ಮಾರನೆಯ ದಿನ ಕಾನಿಶಾಯ್ ಎಂಬ ಹುಡುಗಿ ಕೈ ಎತ್ತಿದಳು. ಮಕ್ಕಳಿಗೆ ನಾನು ಎಜೆ, ಅಂದರೆ ಅಕ್ಕ.

"ಎಜೆ, ಈ ಮನೆ ಯಾವ ಊರಲ್ಲಿದೆ?"

"ಯಾಕಮ್ಮಾ?"

"ಕೆಳಗೆ ಸಣ್ಣಕ್ಷರದಲ್ಲಿ ಹೊರಗಿನ ಚಳಿ ಏಳು ಡಿಗ್ರಿ ಅಂತ ಬರ್ದಿದಾರೆ. ಸೊನ್ನೆಗಿಂತ ಮೇಲೆ ಏಳು!"

ಹಿಂದಿನ ಬೆಂಚಿನಿಂದ ಯಾರೋ ಕೂಗಿದರು: "ಹಂಗಾದ್ರೆ ಅವರು ಮೇ ತಿಂಗಳಲ್ಲಿ ಹೀಟರ್ ಹಾಕ್ಕೊಂಡಿದಾರೆ ಎಜೆ!" ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಚಳಿ ಹೆಚ್ಚಿದಂತೆ ಪೆಟ್ಟಿಗೆ ಹೊರಗಿನ ಗಾಳಿಯಿಂದ ಶಾಖ ಹೀರುವುದು ಕಷ್ಟವಾಗುತ್ತದೆ, ಕರೆಂಟು ಜಾಸ್ತಿ ತಿನ್ನುತ್ತದೆ. ನಮ್ಮೂರಿನ ಚಳಿಯನ್ನು ಇಟ್ಟು ಮಕ್ಕಳು ಮತ್ತೆ ಲೆಕ್ಕ ಮಾಡಿದರು. ಇಪ್ಪತ್ತೊಂದು ಸಾವಿರ ಬಂತು. ಉಳಿತಾಯ ಹದಿನೈದಲ್ಲ, ಐದು. ಕಾನಿಶಾಯ್ ಬೋರ್ಡಿನ ಮೇಲೆ ಅದನ್ನು ಬರೆದು, ಚಾಕ್ ಕೆಳಗಿಡದೆ ಕೇಳಿದಳು: "ಕೆಮ್ಮೋದು ಕಮ್ಮಿ ಆಗಿದ್ದನ್ನ ಯಾವ ಕಡೆ ಸೇರಿಸ್ಬೇಕು ಎಜೆ?" ಅವಳ ತಾತನಿಗೂ ಅಪಾಗಿರುವ ಕಾಯಿಲೆಯೇ. ಐದು ಸಾವಿರವೇ ಆಗಲಿ, ಕೆಮ್ಮನ್ನೂ ಆಸ್ಪತ್ರೆಯನ್ನೂ ಸೇರಿಸಿದರೆ ಪೆಟ್ಟಿಗೆಯೇ ಗೆಲ್ಲುತ್ತದೆ ಎಂದು ತರಗತಿ ತೀರ್ಮಾನಿಸಿತು. ಹನ್ನೆರಡು ಹದಿಮೂರು ವರ್ಷದ ಮಕ್ಕಳು ಒಂದು ಪಿರಿಯಡ್ಡಿನಲ್ಲಿ ಮಾಡಿದ ಈ ಲೆಕ್ಕವನ್ನು ತಮ್ಮ ಕಚೇರಿ ಯಾಕೆ ಮಾಡಲಿಲ್ಲ? ನಿಜ ಹೇಳಿದ್ದರೂ ನಾವು ಸೇರುತ್ತಿದ್ದೆವಲ್ಲ?

ಈಗ ಆ ಹೊಗೆಯ ವಿಷಯ.

ಮಾನ್ಯರೇ, ತಾವೂ ನಮ್ಮವರೇ. ಶುಕ್ರವಾರ ಬಂದರೆ ತೀರಿಕೊಂಡವರಿಗೆಂದು ಎಣ್ಣೆ ಕಾಯಿಸಿ ಏಳು ತೆಳು ರೊಟ್ಟಿ ಕರಿಯುವುದು ತಮ್ಮ ಮನೆಯಲ್ಲೂ ಇರಲೇಬೇಕು. ಆ ವಾಸನೆಯೇ ಅವರ ಊಟ. ಮಾವ ತೀರಿಕೊಂಡ ಒಂಬತ್ತು ವರ್ಷದಲ್ಲಿ ಅಪಾ ಒಂದು ಶುಕ್ರವಾರವೂ ತಪ್ಪಿಸಿದವರಲ್ಲ. ಅಂಗಳದಲ್ಲಿ ಮೂರು ಕಲ್ಲು, ಮೇಲೆ ಕಬ್ಬಿಣದ ಬಾಣಲೆ, ಕೆಳಗೆ ನಾಲ್ಕು ಬೆರಣಿ, ಎರಡು ಕಟ್ಟಿಗೆ. ಮೂಗಿನ ಕೊಳವೆ ತೆಗೆದಿಟ್ಟು, ಗಾಳಿ ಬೀಸುವ ಕಡೆಗೆ ಬೆನ್ನು ಹಾಕಿ, ಇಪ್ಪತ್ತು ನಿಮಿಷ ಕೂತು ಕರಿಯುತ್ತಾರೆ. ಕರೆಂಟಿನ ಒಲೆಯ ಮೇಲೆ ಕರಿಯಿರಿ, ನಾನೇ ಕರಿಯುತ್ತೇನೆ ಎಂದು ಎಷ್ಟು ಸಲ ಹೇಳಿದ್ದೆನೋ. "ನಿನ್ನ ಆ ತಟ್ಟೆ ಮೇಲೆ ಕರಿದ್ರೆ ವಾಸನೆ ಕಿಟಕಿ ದಾಟಲ್ಲ ಕಣೇ. ಅವರು ಗುಡ್ಡದ ಆಚೆಯಿಂದ ಬರ್ಬೇಕು. ದಾರಿ ಹೆಂಗೆ ಗೊತ್ತಾಗ್ಬೇಕು?"

ಹದಿನೇಳನೇ ಪ್ರಶ್ನೆಗೆ 'ಇಲ್ಲ' ಎಂದು ಬರೆದಾಗ ಈ ಮೂರು ಕಲ್ಲು ನನ್ನ ಮನಸ್ಸಿಗೇ ಬರಲಿಲ್ಲ. ಮುಚ್ಚಿಟ್ಟೆ ಎಂದು ತಾವು ಬರೆದಿದ್ದೀರಿ. ಇಲ್ಲ ಸ್ವಾಮಿ, ನೆನಪೇ ಆಗಲಿಲ್ಲ. ಮನೆ ಬಿಸಿ ಮಾಡಲು ಎಂದು ಕೇಳಿದಿರಿ. ಅಂಗಳದ ಬೆಂಕಿಯಿಂದ ಯಾವ ಮನೆ ಬಿಸಿಯಾಗುತ್ತದೆ? ಮನೆಮಂದಿಯ ಊಟಕ್ಕೆ ಎಂದು ಕೇಳಿದಿರಿ. ಅದು ನಮ್ಮ ಊಟವೆಂದು ನಮ್ಮಲ್ಲಿ ಯಾರು ಲೆಕ್ಕ ಹಿಡಿಯುತ್ತಾರೆ? ಇಡೀ ಬೀದಿಯಲ್ಲಿ ಈ ಅರ್ಜಿ ತುಂಬಿದ ಹನ್ನೊಂದು ಮನೆಯವರೂ 'ಇಲ್ಲ' ಎಂದೇ ಬರೆದಿದ್ದಾರೆ, ಹನ್ನೊಂದು ಅಂಗಳದಲ್ಲೂ ಮೂರು ಮೂರು ಕಲ್ಲಿದೆ. ಸಿಕ್ಕಿಬಿದ್ದವರು ನಾವು, ಯಾಕೆಂದರೆ ನಮ್ಮ ಅಂಗಳ ರಸ್ತೆಗೆ ಕಾಣುತ್ತದೆ. ಡಿಸೆಂಬರಿನ ಎರಡನೇ ಶುಕ್ರವಾರ ತಮ್ಮ ತಪಾಸಣೆಯ ಜೀಪು ನಿಂತಿತು. ಒಬ್ಬ ಯುವಕ ಇಳಿದು ಬೇಲಿಯಾಚೆಯಿಂದ ಫೋಟೋ ತೆಗೆದ. ಅಪಾ ಅವನನ್ನು ಕರೆದು ಬಿಸಿ ರೊಟ್ಟಿ ಕೊಟ್ಟರು. ಆ ದಿನ ಕರಿದದ್ದನ್ನು ಬಂದವರಿಗೆ ಕೊಡದೆ ಕಳಿಸುವಂತಿಲ್ಲ. ಅವನು ಎರಡು ತಿಂದ, ಸತ್ತವರಿಗಾಗಿ ಕೈಯೆತ್ತಿ ಬೇಡಿಕೊಂಡ, ಕೈ ಒರೆಸಿಕೊಂಡು ಹೋಗಿ ವರದಿ ಬರೆದ. 'ಘನ ಇಂಧನದ ಹೊಗೆ ಕಂಡುಬಂದಿದೆ.' ರೊಟ್ಟಿ ಹೇಗಿತ್ತು ಎಂಬುದು ವರದಿಯಲ್ಲಿಲ್ಲ.

ನಾಲ್ಕು ದಿನದಲ್ಲಿ 'ಸುಳ್ಳು ಮಾಹಿತಿ' ಎಂಬ ನೋಟೀಸೂ ದಂಡವೂ ಬಂತು, ಶುಭ್ರ ಮನೆಗಳ ಪಟ್ಟಿಯಿಂದ ನಮ್ಮ ಹೆಸರು ಹೋಯಿತು. ದರ ಏರಿತು, ಅದನ್ನು ಹೇಗೋ ನುಂಗಿಕೊಂಡೆವು. ಐದನೇ ದಿನ ಲೈನ್‌ಮನ್ ಬಂದು ಆರು ಕಿಲೋವ್ಯಾಟಿನ ಫ್ಯೂಸ್ ಕಿತ್ತು ಮೂರರದ್ದು ಹಾಕಿದ. ಅದನ್ನು ನುಂಗಲು ಬರಲಿಲ್ಲ.

ತಮ್ಮ ಕಚೇರಿಯ ನಾಲ್ಕನೇ ಕಿಟಕಿಗೆ ಹೋದೆ. ಒಳಗೆ ನನ್ನ ವಯಸ್ಸಿನ ಹೆಂಗಸು. ಮನೆ ಯಾರ ಹೆಸರಲ್ಲಿದೆ ಎಂದು ಕೇಳಿದರು. ಮಾವನ ಹೆಸರು ಹೇಳಲಾರದೆ ಚೀಟಿಯಲ್ಲಿ ಬರೆದದ್ದನ್ನು ತಳ್ಳಿದೆ. ಅವರು ತಟ್ಟನೆ ತಲೆಯಾಡಿಸಿದರು, "ಗೊತ್ತಾಯ್ತು ಬಿಡಿ, ನಾನೂ ಸೊಸೆನೇ" ಎಂದರು. ನನಗೆ ಧೈರ್ಯ ಬಂತು. ಇವರಿಗೆ ಅರ್ಥವಾಗುತ್ತದೆ ಎಂದುಕೊಂಡು ಶುಕ್ರವಾರದ ಬೆಂಕಿಯ ವಿಷಯ ಹೇಳಿದೆ.

"ಆಮೇಲೆ ಆ ರೊಟ್ಟಿ ಯಾರು ತಿಂತಾರೆ?"

"ನಾವು, ಅಕ್ಕಪಕ್ಕದವರು. ನಿಮ್ಮ ಇನ್ಸ್‌ಪೆಕ್ಟರೂ ತಿಂದ್ರು."

"ಹಂಗಾದ್ರೆ ಅದು ಊಟನೇ ಆಯ್ತಲ್ಲ ಅಕ್ಕಾ."

"ಸತ್ತೋರು ವಾಸನೆ ತಗೊಂಡ್ಮೇಲೆ ಉಳಿದಿದ್ದನ್ನ ತಿಂತೀವಮ್ಮಾ."

"ಉಳಿದಿದ್ದಕ್ಕೆ ಫಾರ್ಮಲ್ಲಿ ಕಾಲಂ ಇಲ್ಲ."

"ನೀವು ಮಾಡಲ್ವಾ ಶುಕ್ರವಾರ?"

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಮಾಡ್ದೆ ಇರ್ತೀವಾ? ನಮ್ದು ಅಪಾರ್ಟ್‌ಮೆಂಟು. ಗ್ಯಾಸ್ ಮೇಲೆ ಮಾಡ್ತೀವಿ, ಹೊಗೆ ಕಾಣಲ್ಲ."

ಪಟ್ಟಿಗೆ ವಾಪಸ್ ಸೇರಲು ಏನು ಮಾಡಬೇಕು ಎಂದೆ. ಆರು ತಿಂಗಳು ಹೊಗೆಯಿಲ್ಲದೆ ಇದ್ದು ಮರುತಪಾಸಣೆಗೆ ಅರ್ಜಿ ಹಾಕಬೇಕಂತೆ. ಅಂದರೆ ಜೂನ್. ಚಳಿ ಕಾಯಿಸುವ ಕರೆಂಟನ್ನು ತಾವು ನಮಗೆ ಬೇಸಿಗೆಯಲ್ಲಿ ಕೊಡಲಿದ್ದೀರಿ. ಹಾಗಾದರೆ ಹೊಗೆಯ ಮನೆಗಳಿಗೆ ಸಿಗುವ ರಿಯಾಯಿತಿ ಕಲ್ಲಿದ್ದಲನ್ನಾದರೂ ಕೊಡಿ ಎಂದೆ. ಅವರು ಮೊದಲನೆಯ ಕಡತ ತೆರೆದು ಫೋಟೋ ತೋರಿಸಿದರು. ಒಡೆದ ಒಲೆ, ಪಕ್ಕದಲ್ಲಿ ನಗದೆ ನಿಂತ ಅಪಾ. "ಒಲೆ ಇಲ್ವಲ್ಲ ಅಕ್ಕಾ ನಿಮಗೆ."

ಮನೆಗೆ ಬಂದು ದಾರಿಗಳನ್ನೆಲ್ಲ ಒಂದೊಂದಾಗಿ ತೂಗಿ ನೋಡಿದೆ. ತಮ್ಮ ಕಚೇರಿಯಲ್ಲಿ ಯಾರಾದರೊಬ್ಬರು 'ಅದನ್ನೇಕೆ ಮಾಡಬಾರದು, ಇದನ್ನೇಕೆ ಮಾಡಬಾರದು' ಎನ್ನುವುದು ಖಂಡಿತ. ಆದ್ದರಿಂದ ಮುಂಚೆಯೇ ಉತ್ತರಿಸಿಬಿಡುತ್ತೇನೆ.

ಸೋಲಾರ್ ಹಾಕಿಸಬಾರದೇ? ನಮ್ಮದು ಗುಡ್ಡದ ನೆರಳಿನ ಬದಿ. ನವೆಂಬರಿನಿಂದ ಫೆಬ್ರವರಿಯವರೆಗೆ ಸೂರ್ಯ ನಮ್ಮ ಚಾವಣಿಗೆ ಬಂದು ಎರಡು ಗಂಟೆ ಹತ್ತು ನಿಮಿಷ ಇದ್ದು ಹೊರಟುಹೋಗುತ್ತಾನೆ. ನನ್ನ ತರಗತಿಯ ಮಕ್ಕಳೇ ಗಡಿಯಾರ ಹಿಡಿದು ಅಳೆದದ್ದು. ತಮ್ಮ ಸೋಲಾರ್ ಕರಪತ್ರ ಆರು ಗಂಟೆ ಎನ್ನುತ್ತದೆ. ಉಳಿದ ಮೂರು ಗಂಟೆ ಐವತ್ತು ನಿಮಿಷ ಎದುರು ಬದಿಯ ಗುಡ್ಡದ ಮೇಲೆ ಬೀಳುತ್ತದೆ, ಅಲ್ಲಿ ಕುರಿಗಳಿವೆ. ಬ್ಯಾಟರಿ ಸೇರಿ ನನ್ನ ಎರಡು ವರ್ಷದ ಸಂಬಳ ಹಾಕಿದರೂ ಜನವರಿಯಲ್ಲಿ ಅದು ಯಂತ್ರವನ್ನು ಅರ್ಧ ದಿನ ನಡೆಸೀತು, ಪೆಟ್ಟಿಗೆಯನ್ನು ಮುಟ್ಟಿಯೂ ನೋಡದು. ಹಿಮ ಬಿದ್ದ ದಿನ ಅದೂ ಇಲ್ಲ. ಗ್ಯಾಸ್? ಹಳದಿ ಕೊಳವೆ ಬೀದಿಯ ತಿರುವಿನವರೆಗೆ ಬಂದು ಮೂರು ವರ್ಷದಿಂದ ಅಲ್ಲೇ ನಿಂತಿದೆ. ಅದರ ಬಾಯಿಗೆ ಯಾರೋ ಪ್ಲಾಸ್ಟಿಕ್ ಚೀಲ ಕಟ್ಟಿದ್ದಾರೆ. ಬಾಡಿಗೆಯ ಜನರೇಟರ್? ತಲಾಯ್ ಒಂದು ತಂದ. ಪೆಟ್ರೋಲು ಬಿಡಿ, ಅದರ ಹೊಗೆ ಬೀದಿಯ ಯಾವ ಒಲೆಗಿಂತಲೂ ಕಪ್ಪು. ಆದರೆ ಅದು ತಮ್ಮ ನಿಯಮದ ಪ್ರಕಾರ ಹೊಗೆಯಲ್ಲ, ಯಾಕೆಂದರೆ ಘನ ಇಂಧನದ್ದಲ್ಲ! ಅಪಾ ಒಂದು ಗಂಟೆಯಲ್ಲಿ ಉಬ್ಬಸ ಬಂದು ಒದ್ದಾಡಿದರು, ವಾಪಸ್ ಕಳಿಸಿದೆವು. ನಾದಿನಿಯ ಮನೆ ನಗರದಲ್ಲಿದೆ, ಚಳಿಗಾಲ ಮುಗಿಯುವವರೆಗೆ ಅಲ್ಲಿರಿ ಎಂದೆ. "ಕಿರೀ ಮಗನ ಮನೆ ಬಿಟ್ಟು ಅಳಿಯನ ಮನೇಲಿ ಸಾಯ್ಬೇಕಾ ನಾನು? ನಿಂಗೆ ಬೇಜಾರಾಗಿದ್ರೆ ಹೇಳ್ಬಿಡು" ಎಂದು ಎರಡು ದಿನ ಮಾತು ಬಿಟ್ಟರು.

ಕೊನೆಗೆ ಉಳಿದದ್ದು ಕೊಟ್ಟಿಗೆಯ ಹಿಂದಿನ ಇಟ್ಟಿಗೆ. ಮತ್ತೆ ಒಲೆ ಕಟ್ಟಿ, ಪೇಟೆಯ ದರಕ್ಕೇ ಕಲ್ಲಿದ್ದಲು ತಂದು ಉರಿಸೋಣ ಎಂದು ತಲಾಯ್ ತಾಡಪತ್ರಿಯನ್ನೂ ಎತ್ತಿದ್ದ. ವೈದ್ಯರಿಗೆ ಫೋನ್ ಮಾಡಿ ಕೇಳಿದೆ. "ಹುಚ್ಚೇನ್ರೀ ನಿಮಗೆ? ಆ ಯಂತ್ರ ಇರೋ ಕೋಣೇಲಿ ಬೆಂಕಿಕಡ್ಡಿ ಕೂಡ ಗೀರಬೇಡಿ" ಎಂದರು. ನಮ್ಮ ಮನೆಯಲ್ಲಿ ಹೊಗೆಗೂಡು ಇರುವುದು ಒಂದೇ ಕೋಣೆಗೆ. ಚಳಿಗಾಲದಲ್ಲಿ ನಾವು ಮೂವರೂ ಬದುಕುವುದು ಅದೇ ಕೋಣೆಯಲ್ಲಿ. ತಾಡಪತ್ರಿ ಮತ್ತೆ ಮುಚ್ಚಿದೆವು.

ಹಾಗಾಗಿ ಡಿಸೆಂಬರಿನ ಕೊನೆಯಿಂದ ನಮ್ಮ ಮನೆಯಲ್ಲಿ ಸರದಿ ನಡೆಯುತ್ತಿದೆ. ಅರ್ಧ ಗಂಟೆ ಬಿಸಿ, ಅರ್ಧ ಗಂಟೆ ಉಸಿರು. ಪರೀಕ್ಷೆಯ ದಿನ ಶಾಲೆಯಲ್ಲಿ ಬಳಸುವ ಗಂಟೆ ಗಡಿಯಾರವನ್ನು ತಂದಿಟ್ಟಿದ್ದೇನೆ. ಅದು ಬಡಿದಾಗ ಒಂದು ಪ್ಲಗ್ ಕಿತ್ತು ಇನ್ನೊಂದು ಹಾಕುವುದು. ಅಪಾ ಮೂರು ಕೌದಿ ಹೊದ್ದು ಕೂತಲ್ಲಿಂದಲೇ ಕೇಳುತ್ತಾರೆ, "ಈಗ ನನ್ನ ಸರದಿನೋ, ಗೋಡೆ ಸರದಿನೋ?" ವೈದ್ಯರು ಹದಿನಾರು ಗಂಟೆ ಎಂದಿದ್ದರು, ಹನ್ನೆರಡಕ್ಕಿಂತ ಹೆಚ್ಚು ಸಿಗುತ್ತಿಲ್ಲ. ಮನೆಯೊಳಗೆ ಹದಿನೆಂಟು ಡಿಗ್ರಿ ಇರಬೇಕು, ಹನ್ನೊಂದು ದಾಟುತ್ತಿಲ್ಲ. ಎರಡೂ ಅರ್ಧಂಬರ್ಧ. ಇದಕ್ಕಿಂತ ನ್ಯಾಯವಾಗಿ ಹಂಚುವುದು ನನಗೆ ತಿಳಿಯಲಿಲ್ಲ.

ನಾನು ಶಾಲೆಗೆ ಹೋದಾಗ ಪ್ಲಗ್ ಬದಲಿಸುವುದು ಅಪಾ ಅವರದೇ ಕೆಲಸ. ಸೋಮವಾರ ಮಧ್ಯಾಹ್ನ ಮನೆಗೆ ಬಂದಾಗ ಕೋಣೆ ಎಂದಿಲ್ಲದಷ್ಟು ಬೆಚ್ಚಗಿತ್ತು. ಬಟ್ಟಲಲ್ಲಿ ಚಹಾ ಸುರಿದು ಕೊಟ್ಟು, "ಕೈ ಕಾಯಿಸ್ಕೋ ಮೊದ್ಲು" ಎಂದರು. ತುಟಿ ನೀಲಿಯಾಗಿತ್ತು. ಉಸಿರು ಎರಡು ಮಾತಿಗೊಮ್ಮೆ ತುಂಡಾಗುತ್ತಿತ್ತು. ಆಮ್ಲಜನಕದ ಯಂತ್ರಕ್ಕೆ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಒಂದು ಸಣ್ಣ ಮೀಟರ್ ಇದೆ. ಅಪಾಗೆ ಅದು ಗೊತ್ತಿರಲಿಲ್ಲ. ಬೆಳಿಗ್ಗೆ ನೋಡಿಟ್ಟಿದ್ದ ಅಂಕಿಯಿಂದ ಕಳೆದೆ. ನಾನು ಹೊರಗಿದ್ದ ಆರು ಗಂಟೆಯಲ್ಲಿ ಯಂತ್ರ ಓಡಿದ್ದು ಇಪ್ಪತ್ತು ನಿಮಿಷ.

"ಏನು ಅಪಾ ಇದು? ಗಂಟೆ ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಮತ್ತೆ?"

"ನೀನು ಚಳೀಲಿ ನಡ್ಕೊಂಡು ಬರ್ತೀಯ. ಬಂದ ಮನೆ ತಣ್ಣಗಿದ್ರೆ ಹೆಂಗೆ? ನಂದೇನು, ಕೂತಲ್ಲೇ ಕೂತಿರ್ತೀನಿ, ಎಷ್ಟು ಉಸಿರು ಬೇಕು ನಂಗೆ?"

ನಾನು ಜೋರಾಗಿ ಅತ್ತುಬಿಟ್ಟೆ ಮಾನ್ಯರೇ. ಮದುವೆಯಾಗಿ ಬಂದ ಮೇಲೆ ಅವರೆದುರು ಅತ್ತದ್ದು ಅದೇ ಮೊದಲು. ನಾನು ಹಂಚಿಕೊಟ್ಟ ಅರ್ಧ ಗಂಟೆಗಳನ್ನು ಅವರು ಹಾಗೇ ತಿರುಗಿ ನನಗೆ ಕೊಟ್ಟುಬಿಡುತ್ತಿದ್ದರು. ಈಗ ಪಕ್ಕದ ಮನೆಯಾಕೆ ಬಂದು ಕಾವಲು ಕೂರುತ್ತಾಳೆ. ನಾನು ಬಿಡುವಿನಲ್ಲಿ ಓಡಿ ಬಂದು ಮೀಟರ್ ನೋಡುತ್ತೇನೆ. ಉಸಿರಾಡದೆ ಮೋಸ ಮಾಡುವವರನ್ನು ಹಿಡಿಯಲು ಓಡಾಡುವ ಕೆಲಸ ನನಗೆ ಬಂದಿದೆ.

ಇನ್ನೊಂದು ವಿಷಯ. ನೋಟೀಸು ಬಂದ ಮೇಲೆ ಅಪಾ ಶುಕ್ರವಾರದ ರೊಟ್ಟಿ ನಿಲ್ಲಿಸಿಬಿಟ್ಟಿದ್ದಾರೆ. ನಾನು ಬೇಡ ಎನ್ನಲಿಲ್ಲ, ಅವರೇ ಮೂರು ಕಲ್ಲುಗಳನ್ನು ಗೋಡೆಗೆ ಸರಿಸಿದರು. ಒಂಬತ್ತು ವರ್ಷ ತಪ್ಪದಿದ್ದದ್ದು ನಾಲ್ಕು ಶುಕ್ರವಾರ ತಪ್ಪಿದೆ. ಆ ಹೊತ್ತಿಗೆ ಅವರು ಅಂಗಳದ ಕಿಟಕಿಗೆ ಬೆನ್ನು ಹಾಕಿ ಕೂರುತ್ತಾರೆ. "ಬಂದು ನೋಡಿ ಹಂಗೇ ಹೋಗಿರ್ತಾರೆ. ಮನೇಲಿ ಯಾರೂ ಇಲ್ಲ ಅಂದ್ಕೊಂಡಿರ್ತಾರೆ" ಎಂದರು ಹೋದ ವಾರ.

ಈ ಪತ್ರ ಬರೆಯುತ್ತಿದ್ದುದನ್ನು ನೋಡಿ ಅಪಾ ಯಾರಿಗೆ ಎಂದು ಕೇಳಿದರು. ತಮ್ಮ ಕಚೇರಿಗೆ ಎಂದೆ. ಏನು ಕೇಳಿದ್ದೀಯ ಎಂದರು. ಓದಿ ಹೇಳಿದೆ. ಕೊಳವೆಯ ಅರ್ಧ ಗಂಟೆ ನಡೆಯುತ್ತಿತ್ತು, ಮಾತು ಸಲೀಸಾಗಿತ್ತು.

"ಅದೆಲ್ಲ ಸರಿ. ಇನ್ನೊಂದು ಸೇರಿಸು. ನಾನು ಹೋದ್ಮೇಲೆ ನಂಗೂ ಶುಕ್ರವಾರ ಎಣ್ಣೆ ಕಾಯಿಸ್ಬೇಕಲ್ವೇ? ಮೂರು ಕಲ್ಲಿಗೆ ಈಗ್ಲೇ ಪರ್ಮಿಷನ್ ತಗೊಂಡ್ಬಿಡು. ಇವರ ಆಫೀಸಲ್ಲಿ ತುಂಬಾ ದಿನ ಹಿಡಿಯುತ್ತೆ."

ಆದ್ದರಿಂದ, ಮಾನ್ಯರೇ, ಇದರೊಂದಿಗೆ ಎರಡು ಅರ್ಜಿಗಳನ್ನು ಲಗತ್ತಿಸಿದ್ದೇನೆ. ಎರಡರಲ್ಲೂ ಹಿಂದಿನ ಮೂರು ಅರ್ಜಿಗಳ ಸಂಖ್ಯೆಯನ್ನು ನಮೂದಿಸಿದ್ದೇನೆ. ಮೊದಲನೆಯದು, ನಮ್ಮ ಮನೆಗೆ ಆರು ಕಿಲೋವ್ಯಾಟಿನ ಲೈನನ್ನು ವಾಪಸ್ ಕೊಡಬೇಕು ಎಂಬುದು. ಪಟ್ಟಿ, ದರ, ಹದಿನೇಳನೇ ಪ್ರಶ್ನೆ, ದಂಡ, ಎಲ್ಲವನ್ನೂ ಆಮೇಲೆ ಚರ್ಚಿಸೋಣ. ಕಿತ್ತ ಫ್ಯೂಸನ್ನು ಮಾತ್ರ ಲೈನ್‌ಮನ್ ಕೈಲಿ ಈ ವಾರವೇ ಕಳಿಸಿ. ಎರಡನೆಯದು, ಅಪಾ ಹೇಳಿ ಬರೆಸಿದ್ದು: ಅವರ ಕಾಲಾನಂತರ ಪ್ರತಿ ಶುಕ್ರವಾರ ಅಂಗಳದಲ್ಲಿ ಇಪ್ಪತ್ತು ನಿಮಿಷ ಬೆಂಕಿ ಉರಿಸಲು ಅನುಮತಿ.

ಮೊದಲನೆಯದಕ್ಕೆ ದಯವಿಟ್ಟು ತಡಮಾಡಬೇಡಿ. ಎರಡನೆಯದನ್ನು ತಮ್ಮ ಕಚೇರಿಯ ವಾಡಿಕೆಯಂತೆಯೇ ನಡೆಸಿ. ಆಕ್ಷೇಪಣೆ ಎತ್ತಿ, ಕಡತ ಕಳೆದುಹಾಕಿ, ಸಂಖ್ಯೆ ಸರಿಯಿಲ್ಲವೆಂದು ವಾಪಸ್ ಕಳಿಸಿ, ಶುಭಾಶಯ ಹೇಳಿ. ಎಷ್ಟು ವರ್ಷ ಬೇಕಾದರೂ ತೆಗೆದುಕೊಳ್ಳಿ. ಅದೊಂದು ಅರ್ಜಿಯ ಬಗ್ಗೆ ನಾನು ಯಾವತ್ತೂ ನೆನಪಿಸುವುದಿಲ್ಲ.

ಇಂತಿ,
ಒಲೆಯಿಲ್ಲದ ಮನೆಯ ಹೊಗೆಗೆ ಹೊಣೆಗಾರಳಾದ
ನಾಜಿಪಾ, ಗಣಿತದ ಉಪಾಧ್ಯಾಯಿನಿ
ತೆಸ್ಕೆಯ್ ಬೀದಿ, ನಂಬರ್ ಹದಿನಾಲ್ಕು, ಬೋಜ್-ಕಿಯಾ

(ಗಂಟೆ ಬಡಿಯಿತು. ಪ್ಲಗ್ ಬದಲಿಸಬೇಕು, ಇಲ್ಲಿಗೇ ನಿಲ್ಲಿಸುತ್ತೇನೆ.)